ಎದೆನೋವಿಲ್ಲದ ಹೃದ್ರೋಗಕ್ಕೆ ಚಿಕಿತ್ಸೆ ಪಡೆಯುವ ಬಗೆ

ಹರ್ನಿಯಾ ಅಥವಾ ಮಂಡಿಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ಇಸಿಜಿಯಲ್ಲಿ, ಇಲ್ಲವೇ ಕಚೇರಿಯವರು ವರ್ಷಕ್ಕೊಮ್ಮೆ ಏರ್ಪಡಿಸುವ ತಪಾಸಣೆಯ ಟಿಎಂಟಿಯಲ್ಲಿ (ಓಟಪಟ್ಟಿಯ ಮೇಲೆ ನಡೆಸಿ ತೆಗೆಯುವ ಇಸಿಜಿಯಲ್ಲಿ), ಹೃದಯದ ರಕ್ತನಾಳಗಳಲ್ಲಿ ತೊಂದರೆಯಿದೆ ಎಂಬ ಸುಳಿವು ಸಿಗುವುದು ಈಗ ಅಪರೂಪವೇನಲ್ಲ. ವರದಿ ಕೈಗೆ ಬಂದವರು ಮೊದಲು ಹೇಳುವ ಮಾತು ‘ನನಗೆ ಎದೆನೋವೇ ಬಂದಿಲ್ಲವಲ್ಲ’ ಎಂಬುದು. ಆ ಮಾತು ನಿಜವೇ ಇರಬಹುದು. ಆದರೆ ಅದರಿಂದ ಕಾಯಿಲೆ ಇಲ್ಲವೆಂದಾಗುವುದಿಲ್ಲ. ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ದೊರೆಯದಿದ್ದರೂ ನೋವು ಕಾಣಿಸಿಕೊಳ್ಳದ ಈ ಸ್ಥಿತಿಯನ್ನು ವೈದ್ಯರು ಸೈಲೆಂಟ್ ಇಸ್ಕೀಮಿಯಾ ಎನ್ನುತ್ತಾರೆ. ನೋವಿರುವ ರೋಗಿಗಳಿಗೂ ಇವರಿಗೂ ಕೊಡುವ ಔಷಧಗಳು ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಚಿಕಿತ್ಸೆಯನ್ನು ನಡೆಸಿಕೊಂಡು ಹೋಗುವ ರೀತಿಯಲ್ಲಿ. ನೋವಿರುವವರಿಗೆ ಮಾತ್ರೆ ಹಿಡಿಸಿತೋ ಇಲ್ಲವೋ ಎಂಬುದನ್ನು ದೇಹವೇ ತಿಳಿಸುತ್ತದೆ. ನೋವಿಲ್ಲದವರಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ‘ಚೆನ್ನಾಗಿದ್ದೇನೆ’ ಎಂಬ ಅನಿಸಿಕೆಯನ್ನು ಬದಿಗಿಟ್ಟು ಅಂಕಿಗಳನ್ನು ನಂಬಿ ನಡೆಯುವುದನ್ನು ಅವರು ಕಲಿಯಬೇಕಾಗುತ್ತದೆ. ಅದನ್ನು ಹೇಗೆ ಮಾಡಬೇಕೆಂದು ಇಲ್ಲಿ ವಿವರಿಸಲಾಗಿದೆ. ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ಮಾತ್ರ ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರಿಗೇ ಬಿಟ್ಟ ವಿಷಯ.

ನೋವು ಏಕೆ ಬರುವುದಿಲ್ಲ

ಹೃದಯದ ಸ್ನಾಯುವಿಗೆ ರಕ್ತ ಕಡಿಮೆಯಾದಾಗ ಬದಲಾವಣೆಗಳು ಒಂದು ಕ್ರಮದಲ್ಲಿ ಆಗುತ್ತವೆ. ಮೊದಲು ಸ್ನಾಯು ಸರಿಯಾಗಿ ಸಡಿಲಗೊಳ್ಳುವುದಿಲ್ಲ, ಬಳಿಕ ಅದರ ಸಂಕೋಚನ ಕುಗ್ಗುತ್ತದೆ, ಅನಂತರ ಇಸಿಜಿಯ ಗೆರೆಗಳು ಬದಲಾಗುತ್ತವೆ. ನೋವು ಬರುವುದು ಎಲ್ಲಕ್ಕಿಂತ ಕೊನೆಗೆ. ಕೊರತೆ ಅಲ್ಪಾವಧಿಯದಾಗಿದ್ದರೆ ನೋವಿನ ಹಂತ ಮುಟ್ಟುವ ಮೊದಲೇ ಅದು ಸರಿಹೋಗಿಬಿಡಬಹುದು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ಪಾದಗಳ ನರಗಳು ಮರಗಟ್ಟುವಂತೆಯೇ ಹೃದಯದ ನರಗಳೂ ಹಾಳಾಗಿ, ನೋವಿನ ಸಂದೇಶ ಮಿದುಳಿಗೆ ತಲುಪುವುದೇ ಇಲ್ಲ. ಸುಮ್ಮನೆ ಕುಳಿತಿರುವಾಗಲೂ ನಾಡಿ ನಿಮಿಷಕ್ಕೆ 100ರ ಮೇಲಿರುವುದು, ಎದ್ದು ನಿಂತಾಗ ರಕ್ತದೊತ್ತಡ 20 ಅಂಶದಷ್ಟು ಕುಸಿದು ತಲೆ ಸುತ್ತುವುದು ಈ ನರದೌರ್ಬಲ್ಯದ ಗುರುತುಗಳಾಗಿರಬಹುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಸಾಲದ್ದಕ್ಕೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. ಹಾಗಾಗಿ ನೋವಿಲ್ಲದ ಹೃದ್ರೋಗವೆಂಬುದು ನಮ್ಮಲ್ಲಿ ಎಲ್ಲೋ ಒಬ್ಬರಿಬ್ಬರ ಸಂಗತಿಯಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ನಿವಾಸಿಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ, ಆಗಿಹೋದ ಹೃದಯಾಘಾತಗಳ ಪೈಕಿ ಕಾಲುಭಾಗಕ್ಕೂ ಹೆಚ್ಚಿನವು ಯಾರ ಗಮನಕ್ಕೂ ಬಾರದೆ, ಮುಂದೆಂದೋ ತೆಗೆದ ಇಸಿಜಿಯಲ್ಲಷ್ಟೇ ಪತ್ತೆಯಾಗಿದ್ದವು.

‘ನೋವಿಲ್ಲ’ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ವೈದ್ಯರ ಬಳಿ ಹೋಗುವ ಮುನ್ನ ಮನೆಯವರ ಜೊತೆ ಕುಳಿತು ಕಳೆದ ಆರು ತಿಂಗಳನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಮಹಡಿಗೆ ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬರುತ್ತಿದೆಯೇ, ಊಟವಾದ ಮೇಲೆ ನಡೆದರೆ ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದಂತಾಗುತ್ತದೆಯೇ, ದವಡೆ, ಗಂಟಲು, ಎಡಭುಜ ಅಥವಾ ಬೆನ್ನಿನ ಮೇಲ್ಭಾಗ ಶ್ರಮಪಟ್ಟಾಗ ಹಿಡಿದುಕೊಂಡು, ನಿಂತರೆ ಬಿಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ನಮ್ಮಲ್ಲಿ ಇವುಗಳಿಗೆಲ್ಲ ‘ಗ್ಯಾಸು’ ಎಂಬ ಒಂದೇ ಹೆಸರಿದೆ. ಜೀರಿಗೆ ಕಷಾಯ, ಸೋಡಾ, ಆಂಟಾಸಿಡ್‌ಗಳಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಶ್ರಮದಿಂದ ಬಂದು ವಿಶ್ರಾಂತಿಯಿಂದ ಹೋಗುವ ಯಾವುದೇ ತೊಂದರೆಯನ್ನು, ಅದು ಸೊಂಟದ ಮೇಲಿನ ಯಾವ ಭಾಗದಲ್ಲಿದ್ದರೂ, ಎದೆನೋವಿಗೆ ಸಮಾನವೆಂದೇ ಪರಿಗಣಿಸಬೇಕು. ಮಹಿಳೆಯರು ಮತ್ತು ವಯಸ್ಸಾದವರು ಈ ಬಗೆಯ ತೊಂದರೆಗಳನ್ನು ಹೇಳಿಕೊಳ್ಳದೆ, ಮಾಡುತ್ತಿದ್ದ ಕೆಲಸವನ್ನೇ ಮೆಲ್ಲಗೆ ಕಡಿಮೆ ಮಾಡಿಬಿಡುತ್ತಾರೆ. ದೇವಸ್ಥಾನದ ಮೆಟ್ಟಿಲು ಹತ್ತುವುದನ್ನು ಅಮ್ಮ ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ಮಗಳಿಗೇ ಗೊತ್ತಿರುತ್ತದೆ. ಇಂಥ ಲಕ್ಷಣ ಪತ್ತೆಯಾದರೆ ಚಿಕಿತ್ಸೆಯ ದಾರಿ ಸ್ವಲ್ಪ ಬದಲಾಗುತ್ತದೆ. ಆದ್ದರಿಂದಲೇ ಈ ವಿಚಾರಣೆಗೆ ಬೆಲೆ.

ಪರೀಕ್ಷೆಗಳು

ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸರಿಯಾಗಿದೆಯೆಂಬುದು ರಕ್ತನಾಳಗಳು ಸರಿಯಾಗಿವೆಯೆಂಬುದಕ್ಕೆ ಸಾಕ್ಷಿಯಲ್ಲ. ಟಿಎಂಟಿಯಲ್ಲಿ ಓಟಪಟ್ಟಿಯ ಮೇಲೆ ನಡೆಸಿ, ಗೆರೆಯ ಎಸ್‌ಟಿ ಭಾಗ 1 ಮಿಲಿಮೀಟರ್‌ ಅಥವಾ ಹೆಚ್ಚು ಕೆಳಗಿಳಿಯುತ್ತದೆಯೇ ಎಂದು ನೋಡುತ್ತಾರೆ. ಇದು ಅಗ್ಗದ, ಉಪಯುಕ್ತ ಪರೀಕ್ಷೆ. ಆದರೆ ಮಹಿಳೆಯರಲ್ಲಿ ಇಲ್ಲದ ಕಾಯಿಲೆಯನ್ನು ಇದೆಯೆಂದು ತೋರಿಸುವುದು ಹೆಚ್ಚು. ಎಡ ಬಂಡಲ್ ಬ್ರಾಂಚ್ ಬ್ಲಾಕ್, ಅಂದರೆ ಹೃದಯದ ಎಡಬದಿಗೆ ವಿದ್ಯುತ್ ಸಂದೇಶ ಹರಿಯುವಲ್ಲಿ ತಡೆ ಇರುವವರಲ್ಲಿ ಗೆರೆಯನ್ನು ಓದಲೇ ಆಗುವುದಿಲ್ಲ. ಅಂಥ ಸಂದರ್ಭದಲ್ಲಿ ಸ್ಟ್ರೆಸ್ ಎಕೋ (ಶ್ರಮದ ವೇಳೆ ತೆಗೆಯುವ ಹೃದಯದ ಅಲ್ಟ್ರಾಸೌಂಡ್), ನ್ಯೂಕ್ಲಿಯರ್ ಸ್ಕ್ಯಾನ್ (ಹೃದಯದ ಸ್ನಾಯುವಿಗೆ ರಕ್ತ ತಲುಪುವುದನ್ನು ತೋರಿಸುವ ಚಿತ್ರ) ಅಥವಾ ಸಿಟಿ ಆಂಜಿಯೊಗ್ರಾಮ್ (ರಕ್ತನಾಳಗಳ ಸಿಟಿ ಚಿತ್ರ) ಬೇಕಾಗುತ್ತದೆ. ಟಿಎಂಟಿ ಪಾಸಿಟಿವ್ ಎಂದ ಕೂಡಲೇ ಆಂಜಿಯೊಗ್ರಾಮ್‌ಗೆ ದಿನ ಗೊತ್ತುಮಾಡುವ ಬದಲು, ಎಷ್ಟನೆಯ ನಿಮಿಷದಲ್ಲಿ, ಎಷ್ಟು ನಾಡಿಬಡಿತಕ್ಕೆ ಬದಲಾವಣೆ ಬಂತೆಂದು ಕೇಳಬೇಕು. ಎರಡನೆಯ ನಿಮಿಷದಲ್ಲೇ ಬದಲಾವಣೆ ಬಂದು ರಕ್ತದೊತ್ತಡವೂ ಇಳಿದಿದ್ದರೆ ಅದು ತಡಮಾಡಬಾರದ ಸಂಗತಿ. ಹತ್ತನೆಯ ನಿಮಿಷದಲ್ಲಿ ಬಂದಿದ್ದರೆ ಯೋಚಿಸಲು ಸಮಯವಿದೆ. ಎಲ್ಲ ಸಂದರ್ಭದಲ್ಲೂ ಒಂದು ಎಕೋ ಮಾಡಿಸಿ ಹೃದಯದ ಪಂಪು ಮಾಡುವ ಶಕ್ತಿ, ಅಂದರೆ ಇಎಫ್ ಎಷ್ಟಿದೆಯೆಂದು ತಿಳಿದುಕೊಳ್ಳಲೇಬೇಕು.

ಏನೂ ಲಕ್ಷಣವಿಲ್ಲದವರೆಲ್ಲ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿ, ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದಾಗ ನಮ್ಮೆದುರು ಬಂದಿತ್ತು. ಈ ವಿಷಯದಲ್ಲಿ 2009ರಲ್ಲಿ ಪ್ರಕಟವಾದ ಡಯಾಡ್ ಅಧ್ಯಯನ ನೆನಪಿಡುವಂಥದ್ದು. ಹೃದಯದ ಲಕ್ಷಣಗಳಿಲ್ಲದ 1,123 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿದಾಗ ಐವರಲ್ಲಿ ಒಬ್ಬರಿಗೆ ಏನಾದರೂ ದೋಷ ಕಂಡಿತು. ಆದರೆ ಸುಮಾರು ಐದು ವರ್ಷಗಳ ಬಳಿಕ ನೋಡಿದರೆ ಸ್ಕ್ಯಾನ್ ಮಾಡಿಸಿಕೊಂಡವರಿಗೂ ಮಾಡಿಸಿಕೊಳ್ಳದವರಿಗೂ ಹೃದಯಾಘಾತ ಮತ್ತು ಸಾವಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ, ಎರಡೂ ಗುಂಪಿನವರಿಗೆ ಒಳ್ಳೆಯ ಔಷಧಗಳು ಸಿಗುತ್ತಿದ್ದುದು ಇದಕ್ಕೊಂದು ಕಾರಣವಿರಬಹುದು. ನನ್ನ ಅಭಿಪ್ರಾಯದಲ್ಲಿ, ಗಾಬರಿಯಿಂದ ಸಾಲಿನಲ್ಲಿ ನಿಲ್ಲುವುದಕ್ಕಿಂತ ಬಿಪಿ, ಸಕ್ಕರೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್‌ಗಳನ್ನು ಹತ್ತಿರದ ಆಸ್ಪತ್ರೆಯಲ್ಲೇ ಅಳೆಸಿ ಹತೋಟಿಗೆ ತರುವುದು ಹೆಚ್ಚು ಜನರ ಜೀವ ಉಳಿಸುತ್ತದೆ.

ಔಷಧಗಳೇ ಚಿಕಿತ್ಸೆಯ ಬುನಾದಿ

ಕಾಯಿಲೆ ಇದೆಯೆಂದು ಖಚಿತವಾದ ಮೇಲೆ ಮೊದಲ ಸ್ಥಾನ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗೆ. ಅಟೋರ್ವಾಸ್ಟಾಟಿನ್ 40ರಿಂದ 80 ಅಥವಾ ರೋಸುವಾಸ್ಟಾಟಿನ್ 20ರಿಂದ 40 ಮಿಲಿಗ್ರಾಂ ಎಂಬುದು ಸಾಮಾನ್ಯವಾಗಿ ಪೂರ್ಣ ಪ್ರಮಾಣ. ವಯಸ್ಸು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಕಡಿಮೆ ಮಾಡಬಹುದು. ಹೃದಯಾಘಾತ ಆಗುವುದು ಬಹಳ ಸಲ ಅತಿ ಕಿರಿದಾದ ಜಾಗದಲ್ಲಲ್ಲ, ಅರ್ಧದಷ್ಟೂ ಮುಚ್ಚಿರದ ಜಾಗದಲ್ಲಿನ ಮೆತ್ತನೆಯ ಕೊಬ್ಬಿನ ಪದರ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಸ್ಟಾಟಿನ್ ಆ ಪದರವನ್ನು ಗಟ್ಟಿಗೊಳಿಸುತ್ತದೆ, ಅದೂ ಒಂದು ಜಾಗದಲ್ಲಲ್ಲ, ಎಲ್ಲ ನಾಳಗಳ ಉದ್ದಕ್ಕೂ. ಎಲ್‌ಡಿಎಲ್ ಕನಿಷ್ಠ 70ಕ್ಕಿಂತ ಕೆಳಗೆ ಬರಬೇಕು. ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಿಂದ 55 ಎಂಬ ಗುರಿಯನ್ನು ಸೂಚಿಸಿದೆ. ಇಲ್ಲೊಂದು ಎಡವಟ್ಟಿದೆ: ಪ್ರಯೋಗಾಲಯದ ವರದಿಯಲ್ಲಿ ‘100ರವರೆಗೆ ಸಹಜ’ ಎಂದು ಅಚ್ಚಾಗಿರುತ್ತದೆ, 95 ಬಂದವರು ಸಮಾಧಾನದಿಂದ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆ ಸಂಖ್ಯೆ ಆರೋಗ್ಯವಂತರಿಗಾಗಿ ಬರೆದದ್ದು, ಹೃದ್ರೋಗವಿರುವವರಿಗಲ್ಲ. ಮಾತ್ರೆ ಶುರುಮಾಡಿದ 4ರಿಂದ 12 ವಾರಗಳೊಳಗೆ ಮತ್ತೆ ಅಳೆಸಿ, ಗುರಿ ಮುಟ್ಟದಿದ್ದರೆ ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಸೇರಿಸುವ ಬಗ್ಗೆ ಕೇಳಿ. ತೊಡೆ, ಭುಜಗಳಲ್ಲಿ ಸ್ನಾಯುನೋವು ಕಾಣಿಸಿಕೊಂಡರೆ ತಾವಾಗಿ ಬಿಡದೆ ತಿಳಿಸಿ. ಪ್ರಮಾಣ ಇಳಿಸುವುದರಿಂದಲೋ ಬೇರೆ ಸ್ಟಾಟಿನ್‌ಗೆ ಬದಲಿಸುವುದರಿಂದಲೋ ಹೆಚ್ಚಿನವರಿಗೆ ಸರಿಹೋಗುತ್ತದೆ.

ಆಸ್ಪಿರಿನ್ 75 ಮಿಲಿಗ್ರಾಂ ಕಾಯಿಲೆ ಖಚಿತವಾದವರಿಗೆ ಮಾತ್ರ. ‘ರಕ್ತ ತೆಳುವಾಗಲಿ’ ಎಂದು ಐವತ್ತು ದಾಟಿದವರೆಲ್ಲ ನುಂಗುವ ಅಭ್ಯಾಸ ಸರಿಯಲ್ಲವೆಂದು 2018ರಲ್ಲಿ ಬಂದ ಮೂರು ದೊಡ್ಡ ಅಧ್ಯಯನಗಳು ತೋರಿಸಿವೆ. ಹೃದಯಕ್ಕೆ ಆಗುವ ಲಾಭವನ್ನು ಹೊಟ್ಟೆಯ ರಕ್ತಸ್ರಾವ ತಿಂದುಹಾಕುತ್ತದೆ. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ನಾಡಿಬಡಿತವನ್ನು ಇಳಿಸಿ ಹೃದಯದ ಬೇಡಿಕೆಯನ್ನೇ ಕಡಿಮೆ ಮಾಡುತ್ತವೆ. ನೋವಿಲ್ಲದ ಅಥವಾ ಅಲ್ಪನೋವಿನ 306 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಸಿಸ್ಟ್ ಅಧ್ಯಯನದಲ್ಲಿ ಅಟೆನೊಲಾಲ್ ಪಡೆದವರಲ್ಲಿ ಈ ಮೌನ ಕೊರತೆಯ (ನೋವಿಲ್ಲದೆ ಹೃದಯಕ್ಕೆ ರಕ್ತ ಸಾಲದಾಗುವ) ಪ್ರಸಂಗಗಳು ಕಡಿಮೆಯಾದುವಲ್ಲದೆ ಒಟ್ಟಾರೆ ಹೃದಯದ ತೊಂದರೆಗಳೂ ತಗ್ಗಿದವು. ಬೀಟಾ ಬ್ಲಾಕರ್‌ಗಳನ್ನು ಒಮ್ಮೆಲೇ ನಿಲ್ಲಿಸಬಾರದು. ನಿಲ್ಲಿಸಿದರೆ ನಾಡಿ ನೆಗೆದು ಹೃದಯಾಘಾತವೇ ಆಗಬಹುದು. ಪ್ರವಾಸಕ್ಕೆ ಹೊರಡುವಾಗ ಮಾತ್ರೆಯ ಪಟ್ಟಿ ಮುಗಿದುಹೋಗದಂತೆ ನೋಡಿಕೊಳ್ಳುವುದು ಇದರಿಂದಾಗಿಯೇ ಮುಖ್ಯ.

ಮಧುಮೇಹ, ಅಧಿಕ ರಕ್ತದೊತ್ತಡ ಅಥವಾ ಇಎಫ್ ಕಡಿಮೆ ಇರುವವರಿಗೆ ರಾಮಿಪ್ರಿಲ್‌ನಂಥ ಔಷಧವನ್ನು ಕೊಡುತ್ತಾರೆ. ಒಣಕೆಮ್ಮು ಬಂದರೆ ಟೆಲ್ಮಿಸಾರ್ಟಾನ್‌ಗೆ ಬದಲಿಸಬಹುದು. ಎರಡಕ್ಕೂ ಶುರುಮಾಡಿದ ಕೆಲವು ವಾರಗಳಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಬೇಕು. ಮಧುಮೇಹಿಗಳು ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ತಮಗೆ ಹೊಂದುತ್ತದೆಯೇ ಎಂದು ಕೇಳಲೇಬೇಕು, ಏಕೆಂದರೆ ಅವು ಸಕ್ಕರೆಯನ್ನಷ್ಟೇ ಅಲ್ಲ, ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡುತ್ತವೆ. 2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಬಹಳ ಇಳಿದಿದೆ. ರಕ್ತದೊತ್ತಡ 130/80ರ ಆಸುಪಾಸಿನಲ್ಲಿ ಅಥವಾ ಕೆಳಗಿರಲಿ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆ) 7ರ ಹತ್ತಿರವಿರಲಿ. ತೀರ ವಯಸ್ಸಾದವರಿಗೆ, ಸಕ್ಕರೆ ಪದೇ ಪದೇ ಕುಸಿಯುವವರಿಗೆ ಇದರಲ್ಲಿ ಸಡಿಲಿಕೆ ಇದೆ. ತಿಂಗಳ ಖರ್ಚು ಭಾರವೆನಿಸಿದರೆ ಮಾತ್ರೆ ಬಿಡುವ ಬದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಈ ಔಷಧಗಳಲ್ಲಿ ಹೆಚ್ಚಿನವು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಜೇಬಿನಲ್ಲಿ ಸಾರ್ಬಿಟ್ರೇಟ್ ಇಟ್ಟುಕೊಂಡು ಓಡಾಡುವವರಿಗೆ ಒಂದು ಮಾತು. ಅದು ರಕ್ತನಾಳ ಹಿಗ್ಗಿಸಿ ಎದೆನೋವನ್ನು ಶಮನ ಮಾಡುವ ಮಾತ್ರೆ. ನೋವೇ ಇಲ್ಲದವರಿಗೆ ಅದರ ಪ್ರಯೋಜನ ಅಲ್ಪ, ರಕ್ತದೊತ್ತಡ ಕುಸಿದು ಬೀಳುವ ಅಪಾಯ ಮಾತ್ರ ಇದ್ದೇ ಇದೆ. ಲೈಂಗಿಕ ದೌರ್ಬಲ್ಯಕ್ಕೆ ನುಂಗುವ ಸಿಲ್ಡೆನಾಫಿಲ್ ಬಳಸಿ 24 ಗಂಟೆ, ಟಾಡಲಾಫಿಲ್ ಬಳಸಿ 48 ಗಂಟೆ ಕಳೆಯುವ ಮೊದಲು ಸಾರ್ಬಿಟ್ರೇಟನ್ನು ತೆಗೆದುಕೊಳ್ಳಲೇಬಾರದು. ವೈದ್ಯರೆದುರು ಸಂಕೋಚಪಟ್ಟು ಮುಚ್ಚಿಡುವ ವಿಷಯ ಇದಲ್ಲ. ಇನ್ನು ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡಬರುತ್ತದೆ. ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ವೈದ್ಯರನ್ನು ಕೇಳಿ.

ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಕುದಿಸಿದ ಕಷಾಯ ಬ್ಲಾಕ್ ಕರಗಿಸುತ್ತದೆಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಆಧಾರವಿಲ್ಲ. ರಕ್ತಕ್ಕೆ ಔಷಧ ಹನಿಸಿ ನಾಳ ‘ತೊಳೆಯುವ’ ಕೀಲೇಶನ್ ಚಿಕಿತ್ಸೆಗೆ ಹಣ ಕಟ್ಟುವವರು, ಮಧುಮೇಹವಿದ್ದು ಹಿಂದೆ ಹೃದಯಾಘಾತವಾಗಿದ್ದ ಸುಮಾರು ಸಾವಿರ ಮಂದಿಯ ಮೇಲೆ ಅದನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವ ಲಾಭವೂ ಕಾಣಲಿಲ್ಲವೆಂಬುದನ್ನು ತಿಳಿದಿರಬೇಕು. ಹೊಳೆಮತ್ತಿಯ ತೊಗಟೆಯ ಪುಡಿ ಅಥವಾ ಬೇರೆ ಯಾವುದೇ ನಾಟಿ ಔಷಧ ಬಳಸುತ್ತಿದ್ದರೆ ಅದನ್ನು ಮಾತ್ರೆಗಳ ಬದಲಿಗೆ ಬಳಸಬೇಡಿ, ವೈದ್ಯರಿಂದ ಮುಚ್ಚಿಡಲೂ ಬೇಡಿ.

ಸ್ಟೆಂಟ್ ಅಥವಾ ಬೈಪಾಸ್ ಯಾವಾಗ

ಆಂಜಿಯೊಗ್ರಾಮ್ ಮೇಜಿನ ಮೇಲೆ ರೋಗಿ ಮಲಗಿರುವಾಗಲೇ ಹೊರಗೆ ನಿಂತ ಮಗನನ್ನು ಕರೆದು ‘90 ಪರ್ಸೆಂಟ್ ಬ್ಲಾಕ್ ಇದೆ, ಸ್ಟೆಂಟ್ ಹಾಕೋಣವೇ’ ಎಂದು ಕೇಳುವ ಪದ್ಧತಿ ನಮ್ಮಲ್ಲಿದೆ. ಹೃದಯಾಘಾತ ನಡೆಯುತ್ತಿರುವಾಗ ಅದು ಜೀವ ಉಳಿಸುವ ನಿರ್ಧಾರ, ಅಲ್ಲಿ ಒಂದು ಕ್ಷಣವೂ ತಡಮಾಡಬಾರದು. ನೋವಿಲ್ಲದೆ, ಸ್ಥಿರವಾಗಿರುವ ರೋಗಿಯ ವಿಷಯದಲ್ಲಿ ಮಾತ್ರ ಆ ಅವಸರಕ್ಕೆ ಕಾರಣ ಕಡಿಮೆ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ, ರಕ್ತದ ಕೊರತೆ ಮಧ್ಯಮದಿಂದ ತೀವ್ರ ಮಟ್ಟದಲ್ಲಿದ್ದವರಲ್ಲೂ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಒಳ್ಳೆಯ ಔಷಧಗಳಿಂದ ಆರಂಭಿಸಿದವರಿಗೂ ಮೂರು ವರ್ಷಗಳ ಆಸುಪಾಸಿನಲ್ಲಿ ಸಾವು ಮತ್ತು ಹೃದಯಾಘಾತದ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎದೆನೋವಿದ್ದವರಿಗೆ ಸ್ಟೆಂಟಿನಿಂದ ನೋವು ಚೆನ್ನಾಗಿ ಕಡಿಮೆಯಾಯಿತು. ನೋವೇ ಇಲ್ಲದವರಿಗೆ ಆ ಲಾಭವೂ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, ಹೃದಯಾಘಾತವಾದ ಬಳಿಕ ಸೈಲೆಂಟ್ ಇಸ್ಕೀಮಿಯಾ ಉಳಿದಿದ್ದ 201 ಮಂದಿಯ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಳ ಹಿಗ್ಗಿಸಿಕೊಂಡವರೇ ಹೆಚ್ಚು ಕಾಲ ಸುಖವಾಗಿದ್ದರು. ಆದರೆ ಆ ರೋಗಿಗಳು ಸೇರಿದ್ದು 1990ರ ದಶಕದಲ್ಲಿ, ಸ್ಟಾಟಿನ್‌ಗಳು ಇಂದಿನಷ್ಟು ಪ್ರಬಲವಾಗಿ ಬಳಕೆಗೆ ಬಾರದ ಕಾಲದಲ್ಲಿ ಎಂಬುದನ್ನು ನೆನಪಿಡಬೇಕು.

ಹಾಗೆಂದು ಸ್ಟೆಂಟ್ ಎಂದೂ ಬೇಡವೆಂದು ಹಟ ಹಿಡಿಯುವುದೂ ತಪ್ಪು. ಎಡಭಾಗದ ಮೂಲ ಧಮನಿ, ಅಂದರೆ ಲೆಫ್ಟ್ ಮೇನ್, ಅರ್ಧಕ್ಕಿಂತ ಹೆಚ್ಚು ಮುಚ್ಚಿದ್ದರೆ, ಅಥವಾ ಇಎಫ್ ಶೇ 35ಕ್ಕಿಂತ ಕೆಳಗಿಳಿದಿದ್ದರೆ ಮೇಲಿನ ಇಸ್ಕೀಮಿಯಾ ಅಧ್ಯಯನದ ಮಾತು ಅನ್ವಯಿಸುವುದಿಲ್ಲ. ಅಂಥವರನ್ನು ಅದರಲ್ಲಿ ಸೇರಿಸಿಕೊಂಡೇ ಇರಲಿಲ್ಲ. ಅವರು ಶಸ್ತ್ರಚಿಕಿತ್ಸೆಯ ಬಗ್ಗೆ ಬೇಗ ತೀರ್ಮಾನಿಸಬೇಕು. ಮಧುಮೇಹವಿದ್ದು ಹಲವು ನಾಳಗಳು ಮುಚ್ಚಿರುವವರಿಗೆ ನಾಳ ತೆರೆಯಲೇಬೇಕಾದರೆ ಸ್ಟೆಂಟ್‌ಗಿಂತ ಬೈಪಾಸ್ ಹೆಚ್ಚು ಜೀವ ಉಳಿಸುತ್ತದೆಂದು 1,900 ರೋಗಿಗಳ ಫ್ರೀಡಮ್ ಅಧ್ಯಯನ 2012ರಲ್ಲಿ ತೋರಿಸಿತು. ಎದೆ ತೆರೆಯುವುದಕ್ಕೆ ಹೆದರಿ ನಾಲ್ಕೈದು ಸ್ಟೆಂಟ್‌ಗಳಿಗೆ ಒಪ್ಪಿಕೊಳ್ಳುವ ಮುನ್ನ ಹೃದಯದ ಶಸ್ತ್ರಚಿಕಿತ್ಸಕರೊಬ್ಬರನ್ನೂ ಕಂಡು ಮಾತನಾಡಿ.

ಆದ್ದರಿಂದ ಆಂಜಿಯೊಗ್ರಾಮ್‌ಗೆ ಸಹಿ ಹಾಕುವ ಮೊದಲೇ ‘ಲೆಫ್ಟ್ ಮೇನ್‌ನಂಥ ತುರ್ತು ಕಾರಣ ಕಾಣದಿದ್ದರೆ ಇವತ್ತು ಚಿತ್ರ ಮಾತ್ರ ಸಾಕು, ಮುಂದಿನದನ್ನು ಕುಳಿತು ನಿರ್ಧರಿಸೋಣ’ ಎಂದು ವೈದ್ಯರಿಗೆ ವಿನಯದಿಂದ ಹೇಳಿ, ಅದನ್ನು ಒಪ್ಪಿಗೆಪತ್ರದಲ್ಲೂ ಬರೆಸಿ. ಸಿಡಿಯನ್ನು ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸಲು ಯಾರ ಅನುಮತಿಯೂ ಬೇಕಿಲ್ಲ. ಸ್ಟೆಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲೇ ಮಿತಿ ಹಾಕಿದೆ. ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ಸ್ಟೆಂಟ್ ಹಾಕಿಸಿಕೊಂಡರೆ ಎರಡು ರಕ್ತಹೆಪ್ಪುನಿರೋಧಕ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ಬಳಿಕವಾದರೆ ಒಂದು ವರ್ಷ ಬಿಡದೆ ತೆಗೆದುಕೊಳ್ಳಬೇಕು.

ನಡಿಗೆಯಲ್ಲಿ ನಾಡಿಯೇ ಲಗಾಮು

ನೋವಿರುವವರು ನಡೆಯುತ್ತ ಎದೆ ಹಿಡಿದಾಗ ನಿಲ್ಲುತ್ತಾರೆ. ನೋವಿಲ್ಲದವರು ಹೃದಯಕ್ಕೆ ರಕ್ತ ಸಾಲದಿದ್ದರೂ ಓಡುತ್ತಲೇ ಇರುತ್ತಾರೆ; ಈ ಕಾಯಿಲೆಯ ವ್ಯಾಯಾಮದಲ್ಲಿರುವ ತೊಡಕು ಇದೇ. ಪರಿಹಾರ ಸರಳವಾಗಿದೆ. ಔಷಧಗಳನ್ನು ತೆಗೆದುಕೊಳ್ಳುತ್ತಿರುವಾಗಲೇ ಮಾಡಿದ ಟಿಎಂಟಿಯಲ್ಲಿ ಎಸ್‌ಟಿ ಬದಲಾವಣೆ ಆರಂಭವಾದ ನಾಡಿಬಡಿತ ಎಷ್ಟೆಂದು ಕೇಳಿ, ಅದಕ್ಕಿಂತ 10 ಕಡಿಮೆ ಇರುವ ಸಂಖ್ಯೆಯನ್ನು ನಿಮ್ಮ ಗಡಿಯಾಗಿಟ್ಟುಕೊಳ್ಳಿ. 118ಕ್ಕೆ ಬದಲಾವಣೆ ಬಂದಿದ್ದರೆ 108 ದಾಟಬಾರದು. ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕು. ಕೈಗಡಿಯಾರದ ಸಂವೇದಕವೂ ಆದೀತು. ಆದರೆ ಅದೇ ಗಡಿಯಾರ ತೆಗೆಯುವ ಒಂದೆಳೆಯ ಇಸಿಜಿಯಿಂದ ರಕ್ತದ ಕೊರತೆ ಪತ್ತೆಯಾಗುವುದಿಲ್ಲ, ಅದನ್ನು ನೋಡಿ ನಿಶ್ಚಿಂತರಾಗಬೇಡಿ. ಈ ಗಡಿಯೊಳಗೆ ವಾರಕ್ಕೆ 150 ನಿಮಿಷ ನಡೆಯುವುದು ಗುರಿಯಾಗಿರಲಿ. ಮೌನ ಕೊರತೆಯ ಪ್ರಸಂಗಗಳು ಬೆಳಗಿನ 6ರಿಂದ ಮಧ್ಯಾಹ್ನದವರೆಗಿನ ಅವಧಿಯಲ್ಲಿ ಹೆಚ್ಚು. ಆದುದರಿಂದ ಹಾಸಿಗೆಯಿಂದೆದ್ದ ಕೂಡಲೇ ಚಳಿಯಲ್ಲಿ ಬಿರುಸಾಗಿ ಹೊರಡುವ ಬದಲು, ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆದು ಮೈ ಬೆಚ್ಚಗಾಗಲು ಬಿಡಬೇಕು.

ಆಹಾರದ ಬಗ್ಗೆ ಗೊತ್ತಿರುವುದನ್ನೇ ಮತ್ತೆ ಹೇಳಬೇಕಿಲ್ಲ: ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ, ಉಪ್ಪಿನಕಾಯಿ–ಹಪ್ಪಳಗಳನ್ನೂ ಆ ಲೆಕ್ಕದಲ್ಲೇ ಸೇರಿಸಿ, ಕರಿದ ಎಣ್ಣೆಯನ್ನು ಮತ್ತೆ ಕಾಯಿಸಬೇಡಿ, ಅನ್ನ ಇಳಿಸಿ ಕಾಳು–ತರಕಾರಿ ಏರಿಸಿ. ಬೀಡಿ, ಸಿಗರೇಟು ಬಿಟ್ಟು ಗುಟ್ಕಾ ಅಥವಾ ಎಲೆಯಡಿಕೆಯ ಜೊತೆ ಹೊಗೆಸೊಪ್ಪಿಗೆ ಇಳಿದವರು ತಂಬಾಕನ್ನು ಬಿಟ್ಟಂತಾಗಲಿಲ್ಲ.

ನೋವಿಲ್ಲದ ಹೃದಯಾಘಾತವನ್ನು ಗುರುತಿಸುವುದು

ಕಾರಣವಿಲ್ಲದೆ ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ವಾಕರಿಕೆ ಅಥವಾ ವಾಂತಿ, ಕಣ್ಣು ಕತ್ತಲಿಟ್ಟು ಬೀಳುವಂತಾಗುವುದು, ಎಂದೂ ಇಲ್ಲದ ನಿತ್ರಾಣ, ವಯಸ್ಸಾದವರಲ್ಲಿ ಹಠಾತ್ ಗೊಂದಲ, ಮಧುಮೇಹಿಗಳಲ್ಲಿ ಸಕ್ಕರೆ ಏಕಾಏಕಿ ಏರುವುದು ಇವುಗಳಲ್ಲಿ ಯಾವುದಾದರೂ ಕಂಡು ಹದಿನೈದು ನಿಮಿಷದಲ್ಲಿ ಶಮನವಾಗದಿದ್ದರೆ ಹೃದಯಾಘಾತವೆಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಉಸಿರು ಕಟ್ಟಿದರೆ, ಪ್ರಜ್ಞೆ ತಪ್ಪಿದರೆ ಅಷ್ಟು ಹೊತ್ತೂ ಕಾಯಬಾರದು. ರಕ್ತಸ್ರಾವದ ಕಾಯಿಲೆ, ಅಲರ್ಜಿ ಇಲ್ಲದವರು 300–325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ತಾವೇ ಬೈಕು ಓಡಿಸಿಕೊಂಡು ಹೋಗಬಾರದು. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಎದೆನೋವಿಲ್ಲವೆಂದು ಸಾಲಿನಲ್ಲಿ ಕೂರಿಸುವ ಸಾಧ್ಯತೆ ಇರುವುದರಿಂದ, ‘ಇವರಿಗೆ ನೋವಿಲ್ಲದ ಹೃದ್ರೋಗವಿದೆ’ ಎಂದು ಜೊತೆಗೆ ಬಂದವರು ಗಟ್ಟಿಯಾಗಿ ಹೇಳಬೇಕು, ಹಳೆಯ ಇಸಿಜಿಯನ್ನು ಕೈಗಿಡಬೇಕು. ಮೊದಲ ಇಸಿಜಿ ಸರಿಯಿದ್ದರೂ ಅದನ್ನು ಮತ್ತೆ ತೆಗೆಯಬೇಕು, ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೋಪೊನಿನ್ ನೋಡಬೇಕು. ದೊಡ್ಡ ಊರಿಗೆ ಓಡುವ ದಾರಿಯಲ್ಲಿ ಸಮಯ ಕಳೆಯಬೇಕಿಲ್ಲ: ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ಬಳಿಕ ಜಯದೇವದಂಥ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ.

ಮುಂದಿನ ಭೇಟಿಗಳಲ್ಲಿ ವೈದ್ಯರು ‘ಹೇಗಿದ್ದೀರಿ’ ಎಂದಾಗ ‘ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳಿ ಎದ್ದು ಬರಬಾರದು. ಮನೆಯಲ್ಲಿ ಬರೆದಿಟ್ಟ ಬಿಪಿ ಮತ್ತು ನಾಡಿಯ ಪಟ್ಟಿ, ಕೊನೆಯ ಎಲ್‌ಡಿಎಲ್, ಎಚ್‌ಬಿಎ1ಸಿ, ಕ್ರಿಯಾಟಿನಿನ್, ತಪ್ಪಿಹೋದ ಮಾತ್ರೆಗಳ ಲೆಕ್ಕ ಒಂದೇ ಹಾಳೆಯಲ್ಲಿರಲಿ. ಮಧುಮೇಹಿಗಳು ಬಿಪಿಯನ್ನು ನಿಂತುಕೊಂಡೂ ಅಳೆಸಬೇಕು. ಹಲ್ಲು ಕೀಳಿಸುವಾಗ, ಕಣ್ಣಿನ ಅಥವಾ ಬೇರೆ ಶಸ್ತ್ರಚಿಕಿತ್ಸೆಗೆ ಹೋಗುವಾಗ ಆ ಹಾಳೆಯ ಒಂದು ಪ್ರತಿಯನ್ನು ಅಲ್ಲಿನ ವೈದ್ಯರಿಗೂ ಅರಿವಳಿಕೆ ತಜ್ಞರಿಗೂ ಕೊಡಿ. ಆಸ್ಪಿರಿನ್, ಬೀಟಾ ಬ್ಲಾಕರ್‌ಗಳನ್ನು ನಿಲ್ಲಿಸಬೇಕೇ ಎಂಬುದನ್ನು ಹೃದಯದ ವೈದ್ಯರನ್ನು ಕೇಳದೆ ತೀರ್ಮಾನಿಸಬೇಡಿ. ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಮಾತ್ರೆಯನ್ನು ಮಾತ್ರ ದೊಡ್ಡ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಲು ಸಾಮಾನ್ಯವಾಗಿ ಹೇಳುತ್ತಾರೆ.